ಮಾವನ ಬೀಟ್ ಪುಸ್ತಕ

ವೈರಸ್ಸನ್ನೂ ಲಾಕಪ್ಪಿಗೆ ತಳ್ಳಬಲ್ಲೆನೆಂದು ನಂಬಿರುವ ಮನುಷ್ಯ ಕಡೂರು, ತರೀಕೆರೆ, ಅಜ್ಜಂಪುರ ಮೂರೂ ಸೇರಿ ಒಬ್ಬರೇ. ಅವರು ನನ್ನ ಸೋದರಮಾವ! ಪೊಲೀಸ್ ಕೆಲಸದಿಂದ ನಿವೃತ್ತರಾಗಿ ವರ್ಷಗಳಾದವು. ಗತ್ತಿಗೆ ಮಾತ್ರ ಇನ್ನೂ ನಿವೃತ್ತಿಯಿಲ್ಲ. ಕಡೂರಿನಲ್ಲಿ ತರೀಕೆರೆ ಬಸ್ ಹತ್ತಿದರೆ ಕಂಡಕ್ಟರ್ ಬರುವ ಮೊದಲೇ ಪಕ್ಕದವರನ್ನು "ಎಲ್ಲಿಂದ? ಎಲ್ಲಿಗೆ? ಯಾಕೆ?" ಎಂದು ವಿಚಾರಣೆ ಮಾಡಿ ಮುಗಿಸಿರುತ್ತಾರೆ.

ತಾಯಿಯಿಲ್ಲದ ಮೊಮ್ಮಗಳು ಅವರ ಮನೆಯಲ್ಲೇ ಬೆಳೆಯುತ್ತಿದ್ದಾಳೆ. ಹನ್ನೊಂದು ವರ್ಷ. ಹುಟ್ಟಿನಿಂದ ಎಚ್‌ಐವಿ. ಗೊತ್ತಾದದ್ದು ಏಳನೆಯ ವರ್ಷದಲ್ಲಿ. ಅಲ್ಲಿಯವರೆಗೆ ಮಾತ್ರೆಯಿಲ್ಲದೆಯೂ ಕುಣಿದಾಡಿಕೊಂಡಿದ್ದಳು! ಡಾಕ್ಟರು ವಿವರಿಸಿದರು: "ನಮ್ಮ ಜೀವಕೋಶಗಳಲ್ಲೇ ವೈರಸ್ ತಡೆಯೋ ಪ್ರೋಟೀನ್‌ಗಳಿರ್ತವೆ. ಕೆಲವು ಮಕ್ಕಳಲ್ಲಿ ಅವು ಚೆನ್ನಾಗಿ ಕೆಲಸ ಮಾಡ್ತವೆ, ರೋಗ ಬೇಗ ಮುಂದುವರಿಯಲ್ಲ. ಇವಳಲ್ಲೂ ಹಾಗಿರಬಹುದು. ಆದ್ರೂ ಮಾತ್ರೆ ತಪ್ಪಿಸೋ ಹಾಗಿಲ್ಲ."

ಮಾವ ಹಿಗ್ಗಿಹೋದರು. "ನೋಡ್ದೇನೋ? ನಮ್ ಹುಡ್ಗಿ ಮೈಯೊಳ್ಗೇ ಪೊಲೀಸ್ನೋರವ್ರೆ! ಗಟ್ಟಿಗ್ರು ಕಣೋ!"

ಮರುದಿನವೇ ಅಡಿಗೆಮನೆಯ ಗೋಡೆಗೆ ಬೀಟ್ ಪುಸ್ತಕ ನೇತುಬಿತ್ತು. ಗಸ್ತಿನ ಪೊಲೀಸರು ಬಂದುಹೋದದ್ದಕ್ಕೆ ಸಹಿ ಹಾಕುತ್ತಾರಲ್ಲ, ಅದೇ! ದಿನವೂ ಮಾತ್ರೆ ನುಂಗಿ, ಪ್ರೋಟೀನುಗಳ ಪರವಾಗಿ ಮೊಮ್ಮಗಳು ಸಹಿ ಹಾಕಬೇಕು. ಅತ್ತೆ ನಕ್ಕದ್ದಕ್ಕೆ, "ಡಿಪಾರ್ಟ್‌ಮೆಂಟ್ ವಿಷ್ಯ, ಪಬ್ಲಿಕ್ ದೂರ ಇರ್ಬೇಕು!" ಎಂದು ಗದರಿದರು. ಅತ್ತೆ ಆವತ್ತು ಕಾಫಿಯನ್ನೂ ದೂರವೇ ಇಟ್ಟರು.

ಕಳೆದ ತಿಂಗಳು ನಾನು ಹೋದಾಗ ಮಾವ ಮೊಮ್ಮಗಳ ಎದುರು ಪುಸ್ತಕವನ್ನು ಬೆಳಕಿಗೆ ಹಿಡಿದು ನಿಂತಿದ್ದರು.

"ಒಂದ್ ವಾರದ ಸಹಿ, ಎಲ್ಲ ಒಂದೇ ಓರೆ. ಒಂದೇ ಸಲ ಕೂತ್ಕೊಂಡು ಹಾಕಿದ್ದೀಯಲ್ಲೇ!"

"ನಿಂಗೆ ಹೆಂಗ್ ಗೊತ್ತಾಯ್ತು ತಾತ?"

"ಸರ್ವೀಸೆಲ್ಲ ನಾನೂ ಹಂಗೇ ಹಾಕಿರೋದು ಕಣೇ!"

ನಾನು ಗೊಳ್ಳೆಂದು ನಕ್ಕೆ. ಮಾವ ನಗಲಿಲ್ಲ. "ಮಾತ್ರೆ ಎಲ್ಲಿ?" ಎಂದರು. ಅವಳು ಜಾಮಿಟ್ರಿ ಬಾಕ್ಸ್ ತಂದು ತೆರೆದಳು. ಒಳಗೆ ಏಳು ಮಾತ್ರೆಗಳು.

"ನೀನೇ ದಿನಾ ಹೇಳ್ತೀಯಲ್ಲ ತಾತ, ನನ್ ಪೊಲೀಸ್ರು ಗಟ್ಟಿಗ್ರು ಅಂತ. ಅವ್ರೇ ಸಾಕು ಅನ್ಕೊಂಡೆ."

ಆಗಲೇ ಆಸ್ಪತ್ರೆಗೆ ಓಡಿದೆವು. ಡಾಕ್ಟರು ರಕ್ತ ತೆಗೆದುಕೊಂಡರು. ಬೈದದ್ದು ಅವಳಿಗಲ್ಲ, ಮಾವನಿಗೆ. "ಏನೂ ಆಗಿಲ್ಲ ಅಂತ ಈಗ್ಲೇ ಹೇಳಕ್ಕಾಗಲ್ಲ. ಇವತ್ತೇ ಮತ್ತೆ ಶುರು ಮಾಡಿ" ಎಂದರು.

ಮನೆಗೆ ಬಂದವರೇ ಮಾವ ಮಾತ್ರೆ, ನೀರಿನ ಲೋಟ ಹಿಡಿದು ಅವಳೆದುರು ನೆಲದ ಮೇಲೆ ಕೂತರು.

"ಅವ್ರು ಗಟ್ಟಿಗ್ರೋ ಅಲ್ವೋ, ನಂಗ್ ಗೊತ್ತಿಲ್ಲ ಕಣವ್ವ. ನಂಗೆ ಭಯ. ಭಯಕ್ಕೇ ಹಂಗೆಲ್ಲ ಜಂಬ ಕೊಚ್ಚಿದ್ದು."

ಲೋಟವನ್ನು ಅವಳತ್ತ ಚಾಚಿದರು. ನನಗೆ ನೋಡಲಾಗಲಿಲ್ಲ. ಅವಳು ಲೋಟ ತೆಗೆದುಕೊಂಡು ಮಾತ್ರೆ ನುಂಗಿದಳು. ಆಮೇಲೆ, ಯಾರೂ ಕೇಳದಿದ್ದರೂ, ತಾತನ ಮುಖದ ಹತ್ತಿರ ಬಂದು ಬಾಯಿ ಅಗಲವಾಗಿ ತೆರೆದು, ನಾಲಿಗೆ ಎತ್ತಿ ತೋರಿಸಿದಳು.