ನಡೆಯಲಿಕ್ಕೆ ಬಾರದ ಎದುರು ಮನೆಯವರು

ನಮ್ಮ ಎದುರು ಫ್ಲಾಟಿನಲ್ಲಿ ಒಬ್ಬರೇ ಇದ್ದ ಅಮೆರಿಕದವರಿಗೆ ನಡೆಯಲಿಕ್ಕೇ ಬರುತ್ತಿರಲಿಲ್ಲ, ಮಕ್ಕಳೇ! ಕಾಲು ಸರಿ ಇರಲಿಲ್ಲವೇ ಎಂದು ಕೇಳಬೇಡಿ. ಎರಡೂ ಕಾಲು ಗಟ್ಟಿಯಾಗಿದ್ದವು, ತೊಂದರೆ ಇದ್ದದ್ದೇ ಅಲ್ಲಿ. ಅಂಬೆಗಾಲು ಮುಗಿದ ಮೇಲೆ ನಡುವಿನ ಒಂದು ಪಾಠ ಬಿಟ್ಟು ನೇರವಾಗಿ ಓಟ ಕಲಿತವರು ಅವರು.

ಕಸದ ಚೀಲ ಹಿಡಿದು ಓಡುತ್ತಿದ್ದರು. ಮೊಸರಿನ ಡಬ್ಬಿ ತರಲು ಓಡುತ್ತಿದ್ದರು. ಲಿಫ್ಟ್ ಬರುವವರೆಗೆ ನಿಂತಲ್ಲೇ ಓಡುತ್ತಿದ್ದರು! ಈ ಅರಬರ ನಾಡಿನ ಬೇಸಿಗೆಯಲ್ಲಿ ನಮ್ಮ ಬಡಾವಣೆ ಸಿಲಿಕಾನ್ ಓಯಸಿಸ್‌ನ ರಸ್ತೆಗೆ ಕಾಲಿಟ್ಟರೆ ಮನುಷ್ಯ ಹಪ್ಪಳವಾಗುತ್ತಾನೆ. ಆಗ ಕೆಳಗಿನ ಪಾರ್ಕಿಂಗಿನಲ್ಲಿ ಕಾರುಗಳಿಗೆ ಪ್ರದಕ್ಷಿಣೆ. ಕೆಳಗೆ ಗ್ರೋಸರಿ ಅಂಗಡಿ ಇಟ್ಟಿದ್ದ ನಮ್ಮ ಊರಿನ ಬ್ಯಾರಿಗಳು ಒಮ್ಮೆ ನನ್ನನ್ನು ತಡೆದರು.

"ಅಮ್ಮಾ, ನಿಮ್ಮ ಎದುರಿನವರಿಗೆ ಸ್ವಲ್ಪ ಹೇಳಿ ಮಾರಾಯ್ರೆ. ಹಿಂದಿನಿಂದ ಯಾರೂ ಅಟ್ಟಿಸ್ಕೊಂಡು ಬರ್ತಾ ಇಲ್ಲಾಂತ!"

ನಾನು ಹೇಳುವುದೇ? ನನ್ನ ಇಂಗ್ಲಿಷು ಊರಿನ ಶಾಲೆಯಲ್ಲಿ 'ದಿಸ್ ಈಸ್ ಎ ಕ್ಯಾಟ್' ಎಂಬಲ್ಲಿಗೆ ನಿಂತದ್ದು. ಈ ಕಟ್ಟಡದಲ್ಲಿ ಅದನ್ನು ಬಳಸೋಣ ಎಂದರೆ ಒಂದು ಬೆಕ್ಕೂ ಇಲ್ಲ!

ನಿಮ್ಮ ಅಪ್ಪ ಅಮ್ಮ ಆಫೀಸಿಗೆ, ನೀವು ಶಾಲೆಗೆ. "ಬೈ ಅಜ್ಜಿ" ಎಂದು ಬಾಗಿಲು ಎಳೆದುಕೊಂಡ ಮೇಲೆ ಮನೆಯಲ್ಲಿ ಉಳಿಯುವುದು ಎಸಿ ಮತ್ತು ನಾನು. ಇಬ್ಬರಲ್ಲಿ ಹೆಚ್ಚು ಮಾತಾಡುತ್ತಿದ್ದದ್ದು ಎಸಿ. ಆ 'ಬೈ' ನನಗೆ ಯಾಕೋ ಹಿಡಿಸುತ್ತಿರಲಿಲ್ಲ. ನಮ್ಮಲ್ಲಿ ಹೊರಡುವವರು 'ಹೋಗ್ತೇನೆ' ಎನ್ನುವುದಿಲ್ಲ, 'ಬರ್ತೇನೆ' ಎನ್ನುತ್ತಾರೆ. ಉಳಿದವರು 'ಬನ್ನಿ' ಎನ್ನಬೇಕು. ನಿಮ್ಮ ಅಜ್ಜ ಹಿತ್ತಲಿಗೆ ತೆಂಗಿನಕಾಯಿ ಹೆಕ್ಕಲು ಹೊರಟರೂ 'ಬರ್ತೇನೆ' ಎನ್ನುತ್ತಿದ್ದರು. ಆಸ್ಪತ್ರೆಯಿಂದ ಮಾತ್ರ ಹೇಳದೆ ಹೋದರು.

ಇರಲಿ. ಚಳಿಗಾಲ ಶುರುವಾದಾಗ ಒಂದು ಸಂಜೆ ನಾನು ಮೊಮ್ಮಗಳೊಡನೆ ಲಿಫ್ಟಿನಿಂದ ಇಳಿದೆ. ಅಮೆರಿಕದವರು ಎದುರಾಗಿ ನಕ್ಕು ಏನೋ ಕೇಳಿದರು. ನನಗೆ ನಾಚಿಕೆ. ತಪ್ಪಿಸಿಕೊಳ್ಳಲು, "ಬರ್ತೇನೆ ಆಯ್ತಾ" ಎಂದು ಮನೆಯೊಳಗೆ ನುಗ್ಗಿದೆ. ಅಜ್ಜಿ ಏನೆಂದರು ಎಂದು ಅವರು ಕೇಳಿದರಂತೆ. ಆಗ ನಮ್ಮ ಪಂಡಿತೆ, ನೀನೇ ಮಗಳೇ, ಪದಕ್ಕೆ ಪದ ಇಟ್ಟು ಹೇಳಿದೆ: "ಶಿ ಸೇಸ್ ಶಿ ವಿಲ್ ಕಮ್!"

ಮರುದಿನ ಬೆಳಿಗ್ಗೆ ಕರೆಗಂಟೆ ಸದ್ದು ಮಾಡಿತು. ಬಾಗಿಲಲ್ಲಿ ಅಮೆರಿಕದವರು ಪುಟಿಯುತ್ತಾ ನಿಂತಿದ್ದಾರೆ! ಕೈಯಲ್ಲಿ ನನಗೊಂದು ನೀರಿನ ಬಾಟಲಿ, ಒಂದು ಟೋಪಿ.

ನಿಮ್ಮ ಅಪ್ಪ ಟೈ ಕಟ್ಟುತ್ತಾ ಬಂದ. "ಎಂತಮ್ಮಾ, ನಿನ್ನೆ ಇವರು ಕರೆದಾಗ ಓಡ್ಲಿಕ್ಕೆ ಬರ್ತೇನೇಂತ ಹೇಳಿದ್ದಿಯಂತೆ?"

"ಅಯ್ಯೋ, ನಾನು ಹೇಳಿದ್ದು ಅವರಿಂದ ತಪ್ಪಿಸಿ ಓಡ್ಲಿಕ್ಕೆ ಮಾರಾಯ!"

ಬಾಗಿಲಿಗೆ ಬಂದವರನ್ನು ಬರಿಗೈಯಲ್ಲಿ ಕಳಿಸುವುದು ಹೇಗೆ? ಸೀರೆಯ ನೆರಿಗೆ ಸ್ವಲ್ಪ ಮೇಲೆ ಸಿಕ್ಕಿಸಿ, ಸೊಸೆಯ ಹಳೆಯ ಶೂ ತೊಟ್ಟು, ಟೋಪಿ ಇಟ್ಟು ಹೊರಟೆ. ಪಾರ್ಕಿನಲ್ಲಿ ನಾನು ಒಂದು ಬೇವಿನ ಮರದಿಂದ ಇನ್ನೊಂದಕ್ಕೆ ತಲುಪುವಷ್ಟರಲ್ಲಿ ಅವರು ಇಡೀ ಸುತ್ತು ಮುಗಿಸಿ ಹಿಂದಿನಿಂದ ಬರುತ್ತಿದ್ದರು. ಪ್ರತಿ ಸಲವೂ ಆಗ ತಾನೇ ಕಂಡವರ ಹಾಗೆ "ಹಲೋ!" ಮರಳಿ ಬಂದು ನಮ್ಮ ಬಾಗಿಲ ಮುಂದೆ ನಾನು "ಬರ್ತೇನೆ" ಎಂದರೆ ಅವರೂ "ಬರ್ತೇನೆ" ಎನ್ನುತ್ತಿದ್ದರು. ಮರುದಿನ ತಪ್ಪದೆ ಬರುತ್ತಲೂ ಇದ್ದರು. ಮಾತು ಎಂದರೆ ಮಾತು!

ರಜೆಯ ದಿನ ನೀನು ಪಾರ್ಕಿನ ಬೆಂಚಿನಲ್ಲಿ ನಮ್ಮಿಬ್ಬರ ನಡುವೆ ಕುಳಿತು ಅವರ ಕತೆಯನ್ನು ನನಗೆ ದಾಟಿಸುತ್ತಿದ್ದೆ. ಹುಡುಗನಾಗಿದ್ದಾಗ ಬಸ್ಸು ತಪ್ಪಿ ಅದರ ಹಿಂದೆ ಓಡಿದವರು ಬಸ್ಸಿಗಿಂತ ಮೊದಲೇ ಶಾಲೆ ಮುಟ್ಟಿದರಂತೆ. ಅಂದು ಹಿಡಿದ ಹುಚ್ಚು. ದೂರದ ಓಟಗಳಲ್ಲಿ ದೇಶದ ಅಂಗಿ ತೊಟ್ಟು ಓಡಿದರಂತೆ.

"ಅಜ್ಜಿ, ಹೀ ವಾಸ್ ಆಲ್ವೇಸ್ ಫೋರ್ತ್!"

"ಮೂರನೆಯವರವರೆಗೆ ಪದಕ ಅಲ್ವಾ? ನಾಲ್ಕನೆಯವರಿಗೆ ಎಂತ ಕೊಡ್ತಾರೆ ಕೇಳು."

ನೀನು ಕೇಳಿದೆ. ಅವರು ಗಂಭೀರವಾಗಿ ಉತ್ತರಿಸಿದರು: "ವಾಟರ್."

ಒಮ್ಮೆ ಮಾತ್ರ ಎಲ್ಲರಿಗಿಂತ ಮುಂದಿದ್ದರಂತೆ. ಮುಂದೆ ಯಾರೂ ಇಲ್ಲದ್ದರಿಂದ ದಾರಿ ತಪ್ಪಿ ಯಾರದೋ ಮದುವೆಯ ಅಂಗಳಕ್ಕೆ ನುಗ್ಗಿದರಂತೆ! ಮದುಮಗನೇ ಓಡಿಹೋಗುತ್ತಿದ್ದಾನೆಂದು ನೆಂಟರು ಹಿಡಿದುಕೊಂಡರಂತೆ. ನಾನು ಹೊಟ್ಟೆ ಹಿಡಿದು ನಕ್ಕೆ. ನಿಮ್ಮ ಅಜ್ಜ ಹೋದ ಮೇಲೆ ಹಾಗೆ ನಕ್ಕದ್ದು ಅದೇ ಮೊದಲು. ನಗುನಗುತ್ತಲೇ, "ಇವರ ಹೆಂಡತಿ ಎಲ್ಲಿ?" ಎಂದು ನಿನ್ನಿಂದ ಕೇಳಿಸಿದೆ. ಬಹಳ ಹಿಂದೆಯೇ ಬಿಟ್ಟು ಹೋದಳಂತೆ. "ಅವಳು ಹೆಚ್ಚು ನೋಡಿದ್ದು ನನ್ನ ಬೆನ್ನನ್ನೇ" ಎಂದರಂತೆ. ಇದನ್ನು ಕನ್ನಡಕ್ಕೆ ತರಲು ನೀನು ಸ್ವಲ್ಪ ಹೊತ್ತು ತೆಗೆದುಕೊಂಡೆ.

ಇಲ್ಲಿಗೆ ಬಂದದ್ದು ಒಂದು ಶಾಲೆಯಲ್ಲಿ ಮಕ್ಕಳಿಗೆ ಓಟ ಕಲಿಸಲು. ಆದರೆ ಆ ವರ್ಷ ಮೊಣಕಾಲು ಮುನಿಸಿಕೊಂಡಿತು. ಇನ್ನು ಓಡಬಾರದು ಎಂದರು ಡಾಕ್ಟರು. ಆಗ ನೋಡಬೇಕಿತ್ತು ಅವರ ಅವಸ್ಥೆ! ನಡೆಯಲು ಹೋದರೆ ಕೈ ಎಲ್ಲಿಡಬೇಕೆಂದೇ ತಿಳಿಯದು. ನಾನೇ ಗುರುವಾದೆ. "ಸ್ಲೋ, ಸ್ಲೋ" ಎಂಬುದು ನನ್ನ ಇಂಗ್ಲಿಷಿನ ಎರಡನೆಯ ಪಾಠ. ಮೊದಮೊದಲು ಮುಂದೆ ಹೋಗಿ ಮತ್ತೆ ಹಿಂದೆ ಬರುತ್ತಿದ್ದರು. ಕೊನೆಗೆ ನನ್ನ ಪಕ್ಕದಲ್ಲೇ ಹೆಜ್ಜೆ ಹಾಕುವುದನ್ನು ಕಲಿತರು. ಮಾತಿಲ್ಲ. ಆದರೂ ಪಕ್ಕದಲ್ಲಿ ಯಾರೋ ಇರುವಾಗಿನ ಮೌನವೇ ಬೇರೆ.

ಓಡದ ಮೇಷ್ಟ್ರನ್ನು ಶಾಲೆಯವರು ಇಟ್ಟುಕೊಳ್ಳಲಿಲ್ಲ. ಕೆಲಸ ಹೋದರೆ ಇಲ್ಲಿ ವೀಸಾವೂ ಹೋಗುತ್ತದೆ. ಬೇವಿನ ಮರದ ಕೆಳಗೆ ನಿಂತು ಅವರು ಎರಡೂ ಕೈ ಝಾಡಿಸಿದರು. "ಖಲಾಸ್." ಅದನ್ನು ದಾಟಿಸಲು ನೀನು ಬೇಕಾಗಲಿಲ್ಲ.

ಹೊರಟ ದಿನ ಅವರ ಬಾಗಿಲಿನಿಂದ ಲಿಫ್ಟಿನವರೆಗೆ ನಾನೂ ಜೊತೆಗೆ ಹೋದೆ. ಎಷ್ಟು ದೂರ ಮಹಾ! ಆದರೆ ಅಷ್ಟು ನಿಧಾನವಾಗಿ ನಡೆದವರನ್ನು ನಾನು ಕಂಡಿಲ್ಲ. ನಾನು ಕಲಿಸಿದ್ದಕ್ಕಿಂತಲೂ ನಿಧಾನ. ಲಿಫ್ಟಿಗೆ ಕಾಯುವಾಗ ನಿಂತಲ್ಲಿ ಓಡಲೂ ಇಲ್ಲ. ಒಳಗೆ ಹೋಗಿ ತಿರುಗಿ ನಿಂತು, ಬಾಗಿಲು ಮುಚ್ಚುವ ಮೊದಲು ಹೇಳಿದರು.

"ಬರ್ತೇನೆ."

"ಬನ್ನಿ" ಎಂದೆ.

ಅದು ಹೊರಡುವವರು ಹೇಳುವ ಮಾತು, ನನಗೆ ಗೊತ್ತಿಲ್ಲವೇ? ಆದರೆ ಮಗಳೇ, ಅವರಿಗೆ ನೀನು ಹೇಳಿಕೊಟ್ಟ ಅರ್ಥ ಬೇರೆ, ನಿಜವಾಗಿ ಬರುವುದು. ಮರುದಿನ ನೀವೆಲ್ಲ "ಬೈ" ಎಂದು ಹೋದ ಮೇಲೆ ನಾನು ಶೂ ತೊಟ್ಟು, ಟೋಪಿ ಇಟ್ಟು, ಬಾಗಿಲು ತೆರೆದಿಟ್ಟು ಕುಳಿತೆ. ಲಿಫ್ಟ್ ನಮ್ಮ ಮಹಡಿಯಲ್ಲಿ ನಿಂತ ಸದ್ದಾದಾಗಲೆಲ್ಲ ಎದ್ದು ನಿಂತೆ.