ಜಗಜಟ್ಟಿಯ ಅಳತೆ

ಹೊಡೆದಾಟದ ವಿಷಯದಲ್ಲಿ ನನ್ನ ತೀರ್ಪೇ ಕೊನೆಯ ತೀರ್ಪು. ಇದನ್ನು ಜಂಭ ಎಂದುಕೊಳ್ಳಬೇಡಿ. ಹೊಡೆದಾಡುವವರಿಗೆ ಆ ಬಗ್ಗೆ ಯೋಚಿಸಲು ಪುರಸೊತ್ತು ಎಲ್ಲಿರುತ್ತದೆ? ಒಂದು ಏಟು ಕೊಡುವುದರೊಳಗೆ ಇನ್ನೊಂದು ಬಂದಿರುತ್ತದೆ. ನಾನಂತೂ ಹುಟ್ಟಿದಾಗಿನಿಂದ ಒಬ್ಬರ ಮೇಲೂ ಕೈ ಎತ್ತಿದವನಲ್ಲ. ಏಟು ತಿಂದದ್ದೂ ಕಲ್ಯಾಣದ ಶಾಲೆಯಲ್ಲಿ ಉರ್ದು ಕಲಿಸುತ್ತಿದ್ದ ಮೌಲವಿ ಸಾಹೇಬರ ಕೈಯಲ್ಲಿ ಮಾತ್ರ. ಹೀಗಾಗಿ ಕೂತಲ್ಲಿಯೇ ತಣ್ಣಗೆ ಯೋಚಿಸಬಲ್ಲೆ. ನಿನ್ನೆಯ ಜಟ್ಟಿಗೂ ಇಂದಿನ ಜಟ್ಟಿಗೂ ಜಗಳ ಹಚ್ಚಿ, ಯಾರು ಗೆದ್ದರೆಂದು ಅಲ್ಲೇ ಹೇಳಬಲ್ಲೆ. ಒಮ್ಮೆ ಹಾಗೆ ಹೇಳಲು ಹೋಗಿ ಕೈಗೆ ಬಂದ ನೌಕರಿ ಹೋಗುವುದರಲ್ಲಿತ್ತು, ಅದು ಬೇರೆ ಮಾತು.

ಎರಡನೇ ದೊಡ್ಡ ಯುದ್ಧ ಶುರುವಾಗುವ ಮುಂಚಿನ ಕಾಲ. ಹುಮನಾಬಾದಿನ ಸರಕಾರಿ ಕಚೇರಿಯಲ್ಲಿ ನಾನು ಹಂಗಾಮಿ ಗುಮಾಸ್ತ. ಹಂಗಾಮಿ ಎಂದರೆ ಕೆಲಸವೆಲ್ಲ ನನ್ನದು, ಕುರ್ಚಿ ಮಾತ್ರ ಬೇರೆಯವರದು. ಸಂಜೆ ಕಚೇರಿ ಬಿಟ್ಟೊಡನೆ ಬಜಾರಿನ ದರ್ಜಿ ಗಫೂರ್ ಸಾಬರ ಅಂಗಡಿಯಲ್ಲಿ ಹೋಗಿ ಕೂಡುತ್ತಿದ್ದೆ. ಹೈದರಾಬಾದಿನ ಉರ್ದು ಪತ್ರಿಕೆ ಎರಡು ದಿನ ಹಳತಾಗಿ ಮೋಟಾರಿನಲ್ಲಿ ಬರುತ್ತಿತ್ತು. ಗಫೂರ್ ಸಾಬರಿಗೆ ಅಂಕಿ ಬಿಟ್ಟರೆ ಓದು ಬಾರದು. ನಾನು ಓದುತ್ತಿದ್ದೆ, ಅವರು ಕತ್ತರಿ ಆಡಿಸುತ್ತ ಕೇಳುತ್ತಿದ್ದರು. ಉರ್ದುವಿನಲ್ಲಿ ಗುಡಿಸು, ಕೊಂಬುಗಳನ್ನು ಓದುವವನೇ ಊಹಿಸಿಕೊಳ್ಳಬೇಕು. ಗುದ್ದಿಗೆ ಅವರಲ್ಲಿ ‘ಮುಕ್ಕಾ’ ಎನ್ನುತ್ತಾರೆ. ನಾನು ಒಮ್ಮೆ ಕೊಂಬು ಮರೆತು, ಅಮೆರಿಕದ ಬಾಕ್ಸಿಂಗ್ ಜಟ್ಟಿ ನಾಲ್ಕನೇ ಸುತ್ತಿನಲ್ಲಿ ಎದುರಾಳಿಗೆ ‘ಮಕ್ಕಾ’ ತೋರಿಸಿದ ಎಂದು ಓದಿಬಿಟ್ಟೆ. ಗಫೂರ್ ಸಾಬರು ಕತ್ತರಿ ಕೆಳಗಿಟ್ಟು, ಆಟ ಅರ್ಧಕ್ಕೆ ಬಿಟ್ಟು ಇಬ್ಬರೂ ಹಜ್‌ಗೆ ಹೋದರೇನು ಎಂದು ಭಕ್ತಿಯಿಂದ ವಿಚಾರಿಸಿದರು. ಇನ್ನು ಆ ಜಟ್ಟಿಗಳ ಹೆಸರು ಓದುವುದಂತೂ ನನ್ನಪ್ಪನಿಂದಲೂ ಆಗುವಂತಿರಲಿಲ್ಲ. ಅದಕ್ಕೇ ನಮ್ಮ ವಾದಕ್ಕೆ ಬೇಕಾದ ಇಬ್ಬರಲ್ಲಿ ಒಬ್ಬನನ್ನು ಹಳಬ, ಇನ್ನೊಬ್ಬನನ್ನು ಹೊಸಬ ಎಂದು ಕರೆದುಕೊಂಡೆವು.

ಹಳಬ ಎಂದರೆ ಗಫೂರ್ ಸಾಬರು ಹರೆಯದಲ್ಲಿ ಮುಂಬಯಿಯಲ್ಲಿ ಹೊಲಿಯುತ್ತಿದ್ದಾಗ ಜಗತ್ತನ್ನೆಲ್ಲ ಕೆಡವಿದ್ದ ದೈತ್ಯ. ಹೊಸಬ ಈಗಿನ ಜಗಜಟ್ಟಿ. ಇಬ್ಬರೂ ಭಾರೀ ತೂಕದವರು, ನಡುವೆ ಇಪ್ಪತ್ತೈದು ವರ್ಷದ ಅಂತರ. ನಾವು ಇಬ್ಬರ ಹರೆಯವನ್ನೂ ತಂದು ಹುಮನಾಬಾದಿನಲ್ಲಿ ಎದುರುಬದುರು ನಿಲ್ಲಿಸಿ ಒಂದೂವರೆ ವರ್ಷ ಕಾದಾಡಿಸಿದೆವು. ಬೇಸಿಗೆಯಲ್ಲಿ ಹಳಬನ ಕೈ ಮೇಲಾಗುತ್ತಿತ್ತು. ಉರಿಬಿಸಿಲಲ್ಲಿ ನಲವತ್ತು ಸುತ್ತು ನಿಂತ ಮೈ ಅವನದಂತೆ. ಮಳೆಗಾಲದ ಜಾರುವ ನೆಲದಲ್ಲಿ ಚುರುಕುಗಾಲಿನ ನನ್ನ ಹೊಸಬನೇ ಗೆಲ್ಲುತ್ತಿದ್ದ. ಗಫೂರ್ ಸಾಬರದು ದರ್ಜಿಯ ನ್ಯಾಯ. “ಮುನ್ಶೀಜಿ, ಗಿಡ್ಡ ತೋಳಿನಾಂವ ಉದ್ದ ತೋಳಿನಾಂವಗ ಹ್ಯಾಂಗ ಮುಟ್ಟತಾನ್ರಿ? ಇದು ತಾಕತ್ತಿನ ಮಾತಲ್ಲ, ಅಳತಿ ಮಾತದ,” ಎನ್ನುತ್ತಿದ್ದರು. ಹೊಸಬನ ಅಳತೆ ನನಗೆ ಗೊತ್ತಿರಲಿಲ್ಲವಾದ್ದರಿಂದ ಅಲ್ಲಿಗೆ ನನ್ನ ಬಾಯಿ ಕಟ್ಟುತ್ತಿತ್ತು.

ಅಷ್ಟರಲ್ಲಿ ನನ್ನ ನೌಕರಿ ಕಾಯಂ ಮಾಡುವ ವಿಚಾರ ಎದ್ದು, ಬೀದರಿನ ದೊಡ್ಡ ಸಾಹೇಬರ ಮುಂದೆ ಹಾಜರಾಗಬೇಕೆಂದು ಹುಕುಂ ಬಂತು. ಮೂರು ವರ್ಷದಿಂದ ಅದಕ್ಕೇ ಕಾದಿದ್ದೆ. ಮನೆಯಲ್ಲಿ ತೊಟ್ಟಿಲು ಕಟ್ಟುವ ದಿನ ಬೇರೆ ಹತ್ತಿರ ಬಂದಿತ್ತು. ಶೇರ್ವಾನಿ ಇಲ್ಲದೆ ಸಾಹೇಬರ ಹೊಸ್ತಿಲು ದಾಟುವಂತಿಲ್ಲ. ಮಾವನವರು ಕಪ್ಪು ಬಟ್ಟೆ ಕೊಡಿಸಿದರು. ಅಳಿಯ ಎಂದಾದರೊಂದು ದಿನ ಮೈತುಂಬಿಕೊಂಡಾನು ಎಂಬ ಆಸೆಯಿಂದ ಎರಡು ಗಜ ಹೆಚ್ಚಿಗೇ ಕೊಡಿಸಿದರು. ಗಫೂರ್ ಸಾಬರು ನನ್ನ ಅಳತೆ ತೆಗೆದರು: ಎದೆ ಮೂವತ್ತೊಂದು, ಕುತ್ತಿಗೆ ಹದಿಮೂರು. ಅವರು ಅಳತೆಯನ್ನು ಕಾಗದದಲ್ಲಿ ಬರೆಯುವವರಲ್ಲ. ಗಿರಾಕಿಯ ಬಟ್ಟೆಯ ಒಳಮೈ ಮೇಲೆಯೇ ಬಿಳಿ ಬಳಪದಿಂದ ಅಂಕಿ ಹಾಕಿಡುವುದು ಅವರ ರೂಢಿ. ಹಾಗೆ ಮಾಡಿದರೆ ಒಬ್ಬರದು ಒಬ್ಬರಿಗೆ ಅದಲುಬದಲಾಗುವ ಪ್ರಶ್ನೆಯೇ ಇಲ್ಲ ಎನ್ನುತ್ತಿದ್ದರು.

ಅದೇ ವಾರ ಪತ್ರಿಕೆಯಲ್ಲಿ ಹೊಸಬನ ಮೈಯ ಅಳತೆಯೆಲ್ಲ ಅಚ್ಚಾಗಿ ಬಂತು. ನನ್ನ ಆನಂದ ಏನು ಕೇಳುತ್ತೀರಿ! ಓಡಿ ಅಂಗಡಿಗೆ ಹೋದರೆ ಗಫೂರ್ ಸಾಬರು ನಮಾಜಿಗೆ ಹೋಗಿದ್ದರು. ಬಂದೊಡನೆ ಕಣ್ಣಿಗೆ ರಾಚಲಿ ಎಂದು ಬಳಪ ಎತ್ತಿಕೊಂಡು, ಎದುರಿಗೆ ಹಾಸಿದ್ದ ಕಪ್ಪು ಬಟ್ಟೆಯ ಮೇಲಿನ ಯಾವನೋ ಬಡಕಲನ ಅಳತೆಯನ್ನು ಅಂಗೈಯಿಂದ ಒರೆಸಿ, ದಪ್ಪಗೆ ಬರೆದೆ: ನಲವತ್ತೆರಡು, ಹದಿನೇಳು, ಹೀಗೆ ತೋಳಿನವರೆಗೆ. ಗಫೂರ್ ಸಾಬರು ಬರುವ ಮೊದಲೇ ಕಚೇರಿಯಿಂದ ಕರೆ ಬಂತು. ಆಮೇಲೆ ಕಡತಗಳ ಗಡಿಬಿಡಿಯಲ್ಲಿ ಅತ್ತ ಹಾಯಲೇ ಇಲ್ಲ. ಆ ಬಡಕಲ ಯಾರಿರಬಹುದೆಂದು ನನಗೆ ಹೊಳೆಯಲೂ ಇಲ್ಲ.

ಬೀದರಿಗೆ ಹೊರಡುವ ಬೆಳಿಗ್ಗೆ ಅಂಗಡಿಗೆ ಹೋಗಿ ಶೇರ್ವಾನಿ ತೊಟ್ಟೆ. ತೊಟ್ಟೆ ಎನ್ನುವುದಕ್ಕಿಂತ ಒಳಗೆ ಇಳಿದೆ ಎನ್ನಬೇಕು. ಕೈಬೆರಳು ತೋಳಿನೊಳಗೇ ಕಾಣೆಯಾದವು. ಕೊರಳಪಟ್ಟಿಯಲ್ಲಿ ನನ್ನಂಥ ಇನ್ನೊಬ್ಬನ ಕುತ್ತಿಗೆಗೂ ಜಾಗವಿತ್ತು. ಗಫೂರ್ ಸಾಬರು ಅಂಚು ಮಗುಚಿ ಬಳಪದ ಅಂಕಿ ತೋರಿಸಿದರು.

“ಅಂಕಿ ನಿಮ್ಮ ಕೈಯಾವೇ ಅದಾವಲ್ರಿ, ಮುನ್ಶೀಜಿ. ನೌಕರಿ ಪಕ್ಕಾ ಆದ್ಮ್ಯಾಲ ಮೈ ಬರ್ತದ, ಅದಕ್ಕ ಮುಂಚೇನೇ ಬದಲಿ ಮಾಡ್ಯಾರ ಅಂತ ತಿಳಕೊಂಡು ಕತ್ತರಿ ಹಚ್ಚಿದೆ.”

ಬೈಯೋಣವೆಂದರೆ ಅಂಕಿ ನನ್ನವೇ. ಬಿಚ್ಚಿ ಸಣ್ಣದು ಮಾಡಲು ಎರಡು ದಿನ ಬೇಕು, ಮೋಟಾರು ಹೊರಡಲು ಅರ್ಧ ತಾಸಿದೆ. ಅವರು ತೋಳಿನ ತುದಿ ಒಳಮಡಚಿ ನಾಲ್ಕು ಹೊಲಿಗೆ ಹಾಕಿ ಕಳಿಸಿದರು. ನಿಜ ಹೇಳುತ್ತೇನೆ, ದಾರಿಯುದ್ದಕ್ಕೂ ನನಗೆ ಅಳುವೇ ಬಂದಿತ್ತು.

ದೊಡ್ಡ ಸಾಹೇಬರು ಬಿಳಿಗಡ್ಡದವರು, ವಿಲಾಯತಿಯಲ್ಲಿ ಓದಿ ಬಂದವರು. ನನ್ನನ್ನು ಮೇಲಿಂದ ಕೆಳಗೆ ನೋಡಿ, ಈ ಶೇರ್ವಾನಿ ಯಾರದು ಎಂದರು. ಸಮಯಕ್ಕೆ ಒಂದು ಸುಳ್ಳೂ ಹೊಳೆಯಲಿಲ್ಲ. ಹಳಬ, ಹೊಸಬ, ನಾನು ಹೊಸಬನ ಕಡೆಯವನಾದದ್ದು, ಬಳಪ, ಎಲ್ಲ ಒದರಿಬಿಟ್ಟೆ. ಸಾಹೇಬರು ಕಣ್ಣಲ್ಲಿ ನೀರು ಬರುವಂತೆ ನಕ್ಕರು. ವಿಲಾಯತಿಯಲ್ಲಿದ್ದಾಗ ಆ ಹಳಬನನ್ನು ತಾವು ಕಣ್ಣಾರೆ ನೋಡಿದ್ದಾಗಿ ಹೇಳಿದರು. ಆಮೇಲೆ ನಗು ನಿಲ್ಲಿಸಿ, ಈಗ ಸರಿಯಾಗಿ ಯೋಚಿಸಿ ಹೇಳು, ಇಬ್ಬರಲ್ಲಿ ಗೆಲ್ಲುವವನು ಯಾರು ಎಂದು ಕೇಳಿದರು.

ಒಂದೂವರೆ ವರ್ಷದ ವಾದ ನಾಲಗೆಯ ತುದಿಯಲ್ಲಿತ್ತು. ಸಾಹೇಬರ ಬಿಳಿಗಡ್ಡ ನೋಡಿದೆ. ಅವರ ಮೇಜಿನ ಮೇಲೆ ಸಹಿಗೆ ಕಾದಿದ್ದ ನನ್ನ ಕಾಗದ ನೋಡಿದೆ.

“ಹಳಬನೇ, ಹುಜೂರ್. ಎರಡು ಮಾತಿಲ್ಲ,” ಎಂದೆ.

ಸಾಹೇಬರು ನಿಟ್ಟುಸಿರು ಬಿಟ್ಟರು. ತಾವೂ ಹೊಸಬನ ಕಡೆಯವರೇ ಎಂದೂ, ಜೊತೆಗೊಬ್ಬ ಸಿಕ್ಕನೆಂದು ಖುಷಿಪಟ್ಟಿದ್ದಾಗಿಯೂ, ನೀನು ಒಂದು ಏಟೂ ಬೀಳದೆ ಮಲಗಿಬಿಟ್ಟೆಯಲ್ಲ ಎಂದೂ ಹೇಳಿದರು. ನೌಕರಿ ಹೋಯಿತೆಂದುಕೊಂಡೆ. ಆದರೆ ಅವರು ಕಾಗದ ಹತ್ತಿರಕ್ಕೆ ಎಳೆದುಕೊಂಡು, ಕಚೇರಿಗೆ ಬೇಕಾದವನು ಇಂಥವನೇ ಎನ್ನುತ್ತ ಕಾಯಂ ಎಂದು ಬರೆದು ಸಹಿ ಹಾಕಿದರು.

ಅವರ ಅಂದಾಜು ತಪ್ಪಲಿಲ್ಲ. ಮೂವತ್ತು ವರ್ಷ ನೌಕರಿ ಮಾಡಿದೆ, ಎಷ್ಟೋ ಸಾಹೇಬರು ಬಂದು ಹೋದರು. ಒಬ್ಬರೆದುರಿಗೂ ನಾನು ಎರಡನೇ ಸುತ್ತಿನವರೆಗೆ ನಿಂತವನಲ್ಲ.