ಹಳಿಗೆ ನೀರು ಮುಟ್ಟಿಲ್ಲ

ತಾಂಡೂರಿನ ಹತ್ತಿರ, ಹೊಳೆದಂಡೆಯ ರೈಲು ಹಳಿ ದುರಸ್ತಿಯ ಜಾಗದಲ್ಲಿ, ಇಂಜಿನಿಯರ್ ಸಾಹೇಬರ ಪ್ಲಾಸ್ಟಿಕ್ ಕುರ್ಚಿ ಪ್ರವಾಹದಲ್ಲಿ ಕೊಚ್ಚಿಹೋಯಿತು. ತೀವ್ರ ಕಳವಳ ವ್ಯಕ್ತವಾಯಿತು. ಅದೇ ನೀರು ಹಳಿಯ ಕೆಳಗಿನ ಜಲ್ಲಿಯನ್ನೂ ಒಯ್ದಿತ್ತು. ಅದನ್ನು ಪ್ರತಿ ಮಳೆಗಾಲದಲ್ಲೂ ಒಯ್ಯುವುದರಿಂದ ಯಾರೂ ಗಾಬರಿಯಾಗಲಿಲ್ಲ. ಜಹೀರಾಬಾದಿನವನಾದ ನಾನು ಅಲ್ಲಿ ಸೂಪರ್‌ವೈಸರ್. ಇಂಥವು ನಡೆಯುತ್ತಲೇ ಇರುತ್ತವೆ.

ಕಲ್ಲು

ಹೊಳೆ ಎಷ್ಟು ಏರಿದರೆ ಅಪಾಯ ಎಂದು ತಿಳಿಯಲು ತಾಂಡೂರು ಕಲ್ಲಿನ ಚಪ್ಪಡಿಗೆ ಕೆಂಪು ಗೆರೆ ಬಳಿದು ದಂಡೆಯಲ್ಲಿ ನೆಟ್ಟಿದ್ದೆವು. ನೀರು ಗೆರೆ ಮುಟ್ಟಿದರೆ ಕಾವಲುಗಾರ ಫೋನ್ ಮಾಡಬೇಕು. ಒಂದು ದಿನ ನೋಡಿದರೆ, ಚಪ್ಪಡಿ ಹಳಿಗೂ ಹೊಳೆಗೂ ನಡುವೆ ಇರುವ ಚಾದಂಗಡಿ ಮುದುಕಿಯ ಮನೆಗೋಡೆಗೆ ಒರಗಿತ್ತು.

"ಇಲ್ಯಾಕ ತಂದಿ?" ಎಂದೆ.

"ದಂಡಿಮ್ಯಾಲ ಕುಂತ್ರ ತೊಯ್ತೀನ್ರಿ. ಇಲ್ಲಿ ಚಾ ಕುಡ್ಕೋತ ನೋಡಬಹುದು," ಎಂದ ಕಂಗ್ಟಿ ಊರಿನ ಕಾವಲುಗಾರ.

"ನನ್ನ ಮನಿಗಿ ನೀರು ಬರ್ಲಿ ಅಂತ ಕಾಯಾಕತ್ತಾನ್ರಿ," ಎಂದಳು ಮುದುಕಿ.

ಚಪ್ಪಡಿ ಅಲ್ಲೇ ಉಳಿಯಿತು.

ನಕ್ಷೆ

ಹಳಿಯ ಒಡ್ಡನ್ನು ಆಳೆತ್ತರ ಏರಿಸುವುದೆಂದು ತೀರ್ಮಾನವಾಯಿತು. ಅಲ್ಲಿಯತನಕ ಪ್ರವಾಹ ಹಳಿ ದಾಟಿ ಆಚೆಯ ತೊಗರಿ ಹೊಲಕ್ಕೆ ಹೋಗುತ್ತಿತ್ತು.

ಮುದುಕಿ ತನ್ನ ಮನೆಯಲ್ಲಿ ಕುಳಿತಿದ್ದ ಸಾಹೇಬರಿಗೆ ಚಾ ಕೊಟ್ಟು ಕೇಳಿದಳು. "ಇನ್ನ ಆ ನೀರು ಎಲ್ಲಿ ಹೋಗ್ಬೇಕ್ರಿ ಸಾಬ್? ನನ್ನ ಮನ್ಯಾಗೇ ನಿಂದರ್ತದ. ಒಡ್ಡಿನ ಕೆಳಗ ಒಂದು ಪೈಪಾದ್ರೂ ಹಾಕ್ರಿ."

ಸಾಹೇಬರು ನಕ್ಷೆ ಬಿಡಿಸಿದರು. "ಇಲ್ಲಿ ಮನೆನೇ ಇಲ್ಲಮ್ಮ."

"ಮತ್ತ ನೀವು ಕುಂತಿದ್ದು ಎಲ್ರಿ?"

ಸಾಹೇಬರು ನಕ್ಷೆ ಮಡಚಿ, ಇನ್ನರ್ಧ ಕಪ್ ಕೇಳಿದರು.

ಫೋನ್

ಒಡ್ಡು ಏರಿತು. ಮರುವರ್ಷ ದೊಡ್ಡ ಮಳೆಯಾದಾಗ ನಾನು, ಸಾಹೇಬರು ತಾಂಡೂರಿನ ಆಫೀಸಿನಲ್ಲಿದ್ದೆವು. ಕಾವಲುಗಾರ ಫೋನ್ ಮಾಡಿದ. ಸಾಹೇಬರು ನನಗೂ ಕೇಳುವಂತೆ ಸ್ಪೀಕರ್ ಹಾಕಿದರು.

"ಸಾಬ್, ನೀರು ಗೆರಿ ಮುಟ್ಯಾದ್ರಿ."

"ಹಳಿಗೆ ಮುಟ್ಟಿದೆಯಾ?"

"ಇಲ್ರಿ. ಮನ್ಯಾಗ ಹೊಕ್ಕಾದ."

"ಹಾಗಾದರೆ ಅಪಾಯವಿಲ್ಲ."

ಮಧ್ಯಾಹ್ನ ಮತ್ತೆ ಅವನೇ. "ಗ್ವಾಡಿ ಬಿದ್ದಾವ್ರಿ. ಗೆರಿ ಕಲ್ಲೂ ಹೋಗ್ಯಾದ. ಮುದುಕಿ ಚಾದ ಪಾತ್ರಿ ತಗೊಂಡು ಹಳಿಮ್ಯಾಲ ನಿಂತಾಳ."

"ಹಳಿ ಮೇಲೆ ನಿಲ್ಲೋದು ಅಪರಾಧ. ಇಳಿ ಅಂತ ಹೇಳು."

ಅವನು ಹೇಳಿದ್ದು ಕೇಳಿಸಿತು. ಅವಳ ಉತ್ತರವೂ ಕೇಳಿಸಿತು.

"ಎಲ್ಲಿಗಿ ಇಳೀಲಿ ಅಂತ ಸಾಬಗೇ ಕೇಳು. ನಕ್ಷಾದಾಗ ನೋಡಿ ಹೇಳಲಿ."

ಆ ಮಳೆಗಾಲದಲ್ಲಿ ನೀರಿನ ಕಾರಣಕ್ಕೆ ಒಂದು ರೈಲೂ ನಿಲ್ಲಲಿಲ್ಲ. ಮುದುಕಿ ಈಗ ನಾರಾಯಣಖೇಡದ ಹತ್ತಿರ ತಂಗಿಯ ಮನೆಯಲ್ಲಿದ್ದಾಳೆ. ನಮಗೆ ಚಾ ತಾಂಡೂರಿನಿಂದ ಥರ್ಮಾಸಿನಲ್ಲಿ ಬರುತ್ತದೆ.